ಹೈಪರ್‌ವೈಸರ್‌ನಲ್ಲಿ ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರ್ ನಿಭಾಯಿಸೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಂತಕ್ಕೆ ಅಂತ ಪುಟ್ಟದೊಂದು ಹೈಪರ್‌ವೈಸರ್ (ಒಂದೇ ಮೆಷಿನ್ ಮೇಲೆ ಹಲವು ವರ್ಚುವಲ್ ಮೆಷಿನ್ ಓಡಿಸೋ ಸಾಫ್ಟ್‌ವೇರ್) ಬರೀತಿರೋರು, ಕೆವಿಎಂ (ಲಿನಕ್ಸ್ ಒಳಗಿನ ಹೈಪರ್‌ವೈಸರ್) ಕೋಡ್ ಓದೋಕೆ ಶುರು ಮಾಡಿರೋರು, ಎಫ್‌ಪಿಯು (ಫ್ಲೋಟಿಂಗ್ ಪಾಯಿಂಟ್ ಯೂನಿಟ್) ಹತ್ರ ಬಂದ ತಕ್ಷಣ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳ್ತಾರೆ. ಬಹುಪಾಲು ಎಕ್ಸ್86 (ಇಂಟೆಲ್, ಎಎಂಡಿ ಚಿಪ್‌ಗಳು) ಬಗ್ಗೆ, ಆರ್ಮ್ ಮತ್ತೆ ರಿಸ್ಕ್-ವಿ ಕೊನೇಲಿ ಸ್ವಲ್ಪ ಬರುತ್ತೆ. ಕೇಳಿದವರು ಹೇಗೆ ಕೇಳಿದ್ರೋ ಹಾಗೇ ಹಾಕಿದೀನಿ. ಗೆಸ್ಟ್ ಅಂದ್ರೆ ವರ್ಚುವಲ್ ಮೆಷಿನ್, ಹೋಸ್ಟ್ ಅಂದ್ರೆ ಅದನ್ನ ಓಡಿಸೋ ಮೆಷಿನ್, ವಿಸಿಪಿಯು ಅಂದ್ರೆ ಗೆಸ್ಟ್‌ಗೆ ಕಾಣೋ ಪ್ರೊಸೆಸರ್. ಗೆಸ್ಟ್ ನಿಂತು ಹೈಪರ್‌ವೈಸರ್ ಓಡೋಕೆ ಶುರುವಾಗೋದು ವಿಎಂ ಎಕ್ಸಿಟ್, ವಾಪಸ್ ಗೆಸ್ಟ್‌ಗೆ ಹೋಗೋದು ಎಂಟ್ರಿ.

## ಶುರು ಮಾಡೋರಿಗೆ

ಎಫ್‌ಪಿಯು ಸ್ಟೇಟ್ ಅಂದ್ರೆ ಏನೇನು ಸರ್? ಬರೀ ದಶಮಾಂಶ ಲೆಕ್ಕದ ರಿಜಿಸ್ಟರ್ ತಾನೆ?

ಹೆಸರು ಮಾತ್ರ ಹಾಗೆ ಉಳ್ಕೊಂಡಿದೆ. 1980ರ 8087 ಚಿಪ್ ಕಾಲದಿಂದ ಬಂದಿರೋ 80 ಬಿಟ್‌ನ ಎಂಟು ಎಕ್ಸ್87 ರಿಜಿಸ್ಟರ್ ಇದಾವೆ, ಎಂಎಂಎಕ್ಸ್ ರಿಜಿಸ್ಟರ್‌ಗಳು ಅಂತ ಬೇರೆ ಏನಿಲ್ಲ, ಅವೇ ಇವು. ಆಮೇಲೆ ವೆಕ್ಟರ್ ರಿಜಿಸ್ಟರ್‌ಗಳು: ಎಸ್‌ಎಸ್‌ಇ ಇನ್ಸ್ಟ್ರಕ್ಷನ್‌ಗಳು ಬಳಸೋ 128 ಬಿಟ್‌ನ ಎಕ್ಸ್‌ಎಂಎಂ, ಅದನ್ನೇ ಹಿಗ್ಗಿಸಿ ಎವಿಎಕ್ಸ್‌ಗೆ 256ರ ವೈಎಂಎಂ, ಮತ್ತೆ ಹಿಗ್ಗಿಸಿ ಎವಿಎಕ್ಸ್-512ಗೆ 512ರ ಝಡ್‌ಎಂಎಂ, ಅದ್ರ ಜೊತೆ ಮಾಸ್ಕ್ ರಿಜಿಸ್ಟರ್‌ಗಳು, ಇತ್ತೀಚಿನ ಇಂಟೆಲ್ ಸರ್ವರ್ ಚಿಪ್‌ಗಳಲ್ಲಿ ಮ್ಯಾಟ್ರಿಕ್ಸ್ ಲೆಕ್ಕಕ್ಕೆ ಎಎಂಎಕ್ಸ್ ಟೈಲ್‌ಗಳು. ಇವಲ್ಲದೆ ರೌಂಡಿಂಗ್ ಹೇಗೆ, ಯಾವ ಎಕ್ಸೆಪ್ಶನ್ ಮುಚ್ಚಿಡಬೇಕು ಅಂತ ಹೇಳೋಕೆ ಎಕ್ಸ್87ಗೆ ಕಂಟ್ರೋಲ್ ವರ್ಡ್, ಎಸ್‌ಎಸ್‌ಇಗೆ ಎಂಎಕ್ಸ್‌ಸಿಎಸ್‌ಆರ್. ಇನ್ನೊಂದು ವಿಷ್ಯ, ಇವನ್ನ ಬಳಸೋದು ದಶಮಾಂಶ ಲೆಕ್ಕಕ್ಕೆ ಮಾತ್ರ ಅಲ್ಲ. ಸಿ ಲೈಬ್ರರಿಯ ಮೆಮ್‌ಕಾಪಿ, ಸ್ಟ್ರಿಂಗ್ ಫಂಕ್ಷನ್‌ಗಳು, ಎಇಎಸ್ ಎನ್‌ಕ್ರಿಪ್ಶನ್ ಎಲ್ಲಾ ಓಡೋದು ಇದ್ರ ಮೇಲೇನೆ. ಹಾಗಾಗಿ ಗೆಸ್ಟ್‌ನಲ್ಲಿ ಫ್ಲೋಟ್ ಬಳಸೋ ಪ್ರೋಗ್ರಾಂ ಇಲ್ಲ ಅಂತ ನೆಮ್ಮದಿಯಾಗಿ ಕೂರೋ ಹಾಗಿಲ್ಲ.

ವಿಎಂ ಎಕ್ಸಿಟ್ ಆದಾಗ ಹಾರ್ಡ್‌ವೇರೇ ಎಲ್ಲಾ ಸೇವ್ ಮಾಡುತ್ತಲ್ವಾ, ನಾವ್ಯಾಕೆ ಕೈ ಹಾಕ್ಬೇಕು?

ಎಲ್ಲಾ ಮಾಡಲ್ಲ. ಇಂಟೆಲ್‌ನ ವಿಎಂಸಿಎಸ್ ಆಗ್ಲಿ, ಎಎಂಡಿಯ ಮಾಮೂಲಿ ವಿಎಂಸಿಬಿ ಆಗ್ಲಿ (ಎರಡೂ ಹಾರ್ಡ್‌ವೇರ್ ಗೆಸ್ಟ್‌ನ ಸ್ಟೇಟ್ ಇಡೋ ಮೆಮೊರಿ ಜಾಗಗಳು), ಅದ್ರಲ್ಲಿ ಎಕ್ಸ್87ಗೂ ಜಾಗ ಇಲ್ಲ, ವೆಕ್ಟರ್ ರಿಜಿಸ್ಟರ್‌ಗೂ ಇಲ್ಲ. ಎಕ್ಸಿಟ್ ಆದ ಕ್ಷಣ ಗೆಸ್ಟ್‌ನ ಎಕ್ಸ್‌ಎಂಎಂ0 ಏನಿತ್ತೋ ಅದೇ ನಿಮ್ಮ ಹ್ಯಾಂಡ್ಲರ್ ಒಳಗೂ ಕೂತಿರುತ್ತೆ. ಎಕ್ಸಿಟ್ ಅಂತ ಆದಾಗೆಲ್ಲ ಸಾವಿರಾರು ಬೈಟ್ ಬರೆದು ಓದಿ ಮಾಡ್ತಿದ್ರೆ ಎಲ್ಲಾ ನಿಧಾನ ಆಗೋಗ್ತಿತ್ತು, ಎಷ್ಟೋ ಎಕ್ಸಿಟ್‌ಗಳಲ್ಲಿ ಹೈಪರ್‌ವೈಸರ್ ಈ ರಿಜಿಸ್ಟರ್‌ಗಳನ್ನ ಮುಟ್ಟೋದೇ ಇಲ್ಲ. ಅದಕ್ಕೆ ಹಾರ್ಡ್‌ವೇರ್ ಆ ತೀರ್ಮಾನವನ್ನ ಸಾಫ್ಟ್‌ವೇರ್‌ಗೆ ಬಿಟ್ಟಿದೆ. ಇಲ್ಲಿಂದ ಮುಂದೆ ಬರೋ ಪ್ರಶ್ನೆಗಳೆಲ್ಲ ಒಂದೇ ವಿಚಾರದ ಸುತ್ತ ತಿರುಗ್ತವೆ: ಈ ಕ್ಷಣ ಈ ಕೋರ್‌ನ ರಿಜಿಸ್ಟರ್‌ನಲ್ಲಿ ಇರೋದು ಯಾರ ಮೌಲ್ಯ, ಮತ್ತೆ ಅದು ನಿಮ್ಮ ಕೋಡ್‌ಗೆ ಗೊತ್ತಿದೆಯಾ.

ನಾನು ಏನೂ ಸೇವ್ ಮಾಡ್ತಿಲ್ಲ, ಆದ್ರೂ ಗೆಸ್ಟ್ ಆರಾಮಾಗಿ ಬೂಟ್ ಆಗ್ತಿದೆ. ಬಿಟ್ಬಿಡ್ಲಾ?

ಬೇಡ. ಒಂದು ಕೋರ್‌ಗೆ ಒಂದೇ ವಿಸಿಪಿಯು, ಹೋಸ್ಟ್ ಕಡೆ ಯಾರೂ ವೆಕ್ಟರ್ ಮುಟ್ತಿಲ್ಲ ಅಂದ್ರೆ ದಿನಗಟ್ಟಲೆ ಏನೂ ಆಗ್ದೇ ಓಡುತ್ತೆ. ಎರಡನೇ ವಿಸಿಪಿಯು ಅದೇ ಕೋರ್ ಮೇಲೆ ಬಂದ ದಿನ ಶುರುವಾಗುತ್ತೆ ನೋಡಿ: ಗೆಸ್ಟ್‌ನಲ್ಲಿ ಯಾವ್ದೋ ಫೈಲ್‌ನ ಚೆಕ್‌ಸಮ್ ಆಗೊಮ್ಮೆ ಈಗೊಮ್ಮೆ ತಪ್ಪು, ಟಿಎಲ್‌ಎಸ್ ಕನೆಕ್ಷನ್ ಕಾರಣ ಇಲ್ದೇ ಬೀಳೋದು, ನಕಲಾದ ಮೆಮೊರಿಯಲ್ಲಿ 16 ಬೈಟ್ ಮಾತ್ರ ಬೇರೆ ಯಾರದೋ ಡೇಟಾ. ಕ್ರ್ಯಾಶ್ ಆದ್ರೆ ಪುಣ್ಯ, ಇದು ಕ್ರ್ಯಾಶ್ ಕೂಡ ಆಗಲ್ಲ. ಒಬ್ಬ ಗೆಸ್ಟ್‌ನ ಎಇಎಸ್ ಕೀ ಇನ್ನೊಬ್ಬ ಗೆಸ್ಟ್‌ಗೆ ಸಿಕ್ರೆ ಅದು ನೇರವಾಗಿ ಸೆಕ್ಯುರಿಟಿ ತೂತು.

ನನ್ನ ಹೈಪರ್‌ವೈಸರ್ ಕೋಡಲ್ಲಿ ಒಂದೇ ಒಂದು ಫ್ಲೋಟ್ ಇಲ್ಲ, ಅಸೆಂಬ್ಲಿ ಕೂಡ ಚೆಕ್ ಮಾಡ್ದೆ, ಆದ್ರೂ ಗೆಸ್ಟ್‌ನ ಎಕ್ಸ್‌ಎಂಎಂ ಹಾಳಾಗ್ತಿದೆ. ಯಾಕೆ?

ಚೆಕ್ ಮಾಡಿದ್ದು ನೀವು ಬರೆದ ಅಸೆಂಬ್ಲಿನಾ, ಕಂಪೈಲರ್ ಉಗುಳಿದ್ದಾ? 64 ಬಿಟ್ ಎಕ್ಸ್86ನಲ್ಲಿ ಎಸ್‌ಎಸ್‌ಇ2 ಯಾವಾಗ್ಲೂ ಇರುತ್ತೆ ಅಂತ ಕಂಪೈಲರ್‌ಗೆ ಗೊತ್ತು, ಹಾಗಾಗಿ ಒಂದು ಸ್ಟ್ರಕ್ಟ್ ನಕಲು ಮಾಡೋಕೆ, ಒಂದು ಅರೇ ಸೊನ್ನೆ ಮಾಡೋಕೆ ಅದು ಸುಮ್ನೆ ಎಕ್ಸ್‌ಎಂಎಂ0 ತಗೊಳ್ಳುತ್ತೆ. ಜಿಸಿಸಿ ಅಥವಾ ಕ್ಲ್ಯಾಂಗ್‌ಗೆ ಎಸ್‌ಎಸ್‌ಇ, ಎಂಎಂಎಕ್ಸ್, ಎಕ್ಸ್87 ಮೂರನ್ನೂ ಆಫ್ ಮಾಡೋ ಫ್ಲ್ಯಾಗ್ ಕೊಡಿ, ಆರ್ಮ್‌ನಲ್ಲಾದ್ರೆ ಜನರಲ್ ರಿಜಿಸ್ಟರ್ ಮಾತ್ರ ಬಳಸು ಅನ್ನೋ ಫ್ಲ್ಯಾಗ್. ಆಮೇಲೆ ಫೈನಲ್ ಬೈನರಿನ ಡಿಸ್‌ಅಸೆಂಬಲ್ ಮಾಡಿ ಎಕ್ಸ್‌ಎಂಎಂ ಅಂತ ಹುಡುಕಿ, ಯಾಕಂದ್ರೆ ಲಿಂಕ್ ಆಗಿರೋ ಯಾವ್ದೋ ಲೈಬ್ರರಿ ಬೇರೆ ಫ್ಲ್ಯಾಗ್‌ನಲ್ಲಿ ಕಂಪೈಲ್ ಆಗಿರಬಹುದು. ಬಿಲ್ಡ್ ಸ್ಕ್ರಿಪ್ಟ್‌ನಲ್ಲೇ ಈ ಚೆಕ್ ಇದ್ರೆ ವಾಸಿ.

ಎಫ್‌ಎಕ್ಸ್‌ಸೇವ್ ಸಾಕಾ ಎಕ್ಸ್‌ಸೇವ್ ಬೇಕಾ? ಜಾಗ ಎಷ್ಟು ಇಟ್ಕೋಬೇಕು?

ಎರಡೂ ಈ ರಿಜಿಸ್ಟರ್‌ಗಳನ್ನ ಮೆಮೊರಿಗೆ ಬರೆಯೋ ಇನ್ಸ್ಟ್ರಕ್ಷನ್‌ಗಳು, ವಾಪಸ್ ತುಂಬೋಕೆ ಎಫ್‌ಎಕ್ಸ್‌ಆರ್‌ಸ್ಟೋರ್, ಎಕ್ಸ್‌ಆರ್‌ಸ್ಟೋರ್. ಎಫ್‌ಎಕ್ಸ್‌ಸೇವ್ 512 ಬೈಟ್, 16ರ ಅಲೈನ್‌ಮೆಂಟ್, ಎಕ್ಸ್87 ಮತ್ತೆ ಎಕ್ಸ್‌ಎಂಎಂ ಮಾತ್ರ ಉಳಿಸುತ್ತೆ. ಗೆಸ್ಟ್‌ಗೆ ಎವಿಎಕ್ಸ್ ತೋರಿಸೋದೇ ಇಲ್ಲ ಅಂದ್ರೆ ಅದು ಸಾಕು. ಎವಿಎಕ್ಸ್ ಬಂತು ಅಂದ್ರೆ ಎಕ್ಸ್‌ಸೇವ್ ಬೇಕೇ ಬೇಕು, ಅದಕ್ಕೆ 64 ಬೈಟ್ ಅಲೈನ್‌ಮೆಂಟ್ ಇಲ್ದಿದ್ರೆ ಜನರಲ್ ಪ್ರೊಟೆಕ್ಷನ್ ಫಾಲ್ಟ್. ಹಳೇ 512, ಅದ್ರ ಮೇಲೆ 64 ಬೈಟ್ ಹೆಡರ್, ಆಮೇಲೆ ಒಂದೊಂದೇ ಕಾಂಪೊನೆಂಟ್ (ಅಂದ್ರೆ ಒಂದೊಂದು ಗುಂಪಿನ ರಿಜಿಸ್ಟರ್). ಎವಿಎಕ್ಸ್‌ವರೆಗೆ 832 ಬೈಟ್, ಇಂಟೆಲ್‌ನ ಸ್ಟ್ಯಾಂಡರ್ಡ್ ಲೇಔಟ್‌ನಲ್ಲಿ ಎವಿಎಕ್ಸ್-512 ಮುಗಿಯೋದು 2688ಕ್ಕೆ, ಎಎಂಎಕ್ಸ್ ಟೈಲ್ ಡೇಟಾ ಒಂದೇ 8192 ಬೈಟ್ ಇರೋದ್ರಿಂದ ಅದೂ ಸೇರಿದ್ರೆ 11008. ಆದ್ರೆ ಈ ನಂಬರ್‌ಗಳನ್ನ ಕೋಡಲ್ಲಿ ಬರೀಬೇಡಿ, ಪ್ರೊಸೆಸರ್‌ನಲ್ಲಿ ಏನೇನಿದೆ ಅಂತ ಹೇಳೋ ಸಿಪಿಯುಐಡಿ ಇನ್ಸ್ಟ್ರಕ್ಷನ್‌ನ ಲೀಫ್ 13 ಕೇಳಿ ತಗೊಳ್ಳಿ, ಒಂದೊಂದು ಕಾಂಪೊನೆಂಟ್ ಎಲ್ಲಿಂದ ಶುರು ಎಷ್ಟು ಉದ್ದ ಅಂತ ಅದೇ ಹೇಳುತ್ತೆ.

## ಕೋಡ್ ಬರೆಯೋಕೆ ಕೂತಾಗ

ಲೇಜಿಯಾಗಿ ಮಾಡಿದ್ರೆ ಫಾಸ್ಟ್ ಅಲ್ವಾ? ಗೆಸ್ಟ್ ಎಫ್‌ಪಿಯು ಮುಟ್ಟಿದಾಗ ಮಾತ್ರ ಲೋಡ್ ಮಾಡೋಣ ಅಂತ

ಹಳೇ ಪುಸ್ತಕಗಳಲ್ಲೆಲ್ಲ ಇದೇ ಇರೋದು. ಸಿಆರ್0 ಅನ್ನೋ ಕಂಟ್ರೋಲ್ ರಿಜಿಸ್ಟರ್‌ನ ಟಿಎಸ್ ಬಿಟ್ ಸೆಟ್ ಮಾಡಿಟ್ರೆ ಗೆಸ್ಟ್ ಮೊದಲ ಸಲ ಎಫ್‌ಪಿಯು ಇನ್ಸ್ಟ್ರಕ್ಷನ್ ಓಡಿಸಿದಾಗ ವೆಕ್ಟರ್ 7ರ ಎಕ್ಸೆಪ್ಶನ್ (ಇಲ್ಲಿ ವೆಕ್ಟರ್ ಅಂದ್ರೆ ಎಕ್ಸೆಪ್ಶನ್ ನಂಬರ್) ಬರುತ್ತೆ, ಅದನ್ನ ಎಕ್ಸಿಟ್ ಆಗೋ ಹಾಗೆ ಮಾಡ್ಕೊಂಡು ಆಗ ಲೋಡ್ ಮಾಡಿ ಟಿಎಸ್ ತೆಗೀರಿ ಅಂತ. ಎಫ್‌ಪಿಯು ಅಪರೂಪಕ್ಕೆ ಬಳಸ್ತಿದ್ದ ಕಾಲಕ್ಕೆ ಸರಿಯಾಗೇ ಇತ್ತು.

ಎಕ್ಸ್86ನಲ್ಲಿ ಇವತ್ತು ಮಾಡ್ಬೇಡಿ ಅಂತಾನೇ ನಾನು ಹೇಳೋದು. ಮೊದಲ್ನೇದು ಲೆಕ್ಕಾಚಾರ: ಈಗ ಹೆಚ್ಚೂಕಮ್ಮಿ ಪ್ರತಿ ಪ್ರೋಗ್ರಾಮೂ ಮೆಮ್‌ಕಾಪಿ ನೆಪದಲ್ಲಾದ್ರೂ ವೆಕ್ಟರ್ ಮುಟ್ಟೇ ಮುಟ್ಟುತ್ತೆ, ಅಂದ್ರೆ ಉಳಿಸ್ಬೇಕು ಅಂದ್ಕೊಂಡ ಲೋಡ್ ಹೇಗೂ ಆಗುತ್ತೆ, ಅದ್ರ ಮೇಲೆ ಒಂದು ವಿಎಂ ಎಕ್ಸಿಟ್ ದಂಡ ಬೇರೆ. ಎರಡನೇದು ಇನ್ನೂ ದೊಡ್ಡದು. 2018ರ ಜೂನ್‌ನಲ್ಲಿ ಲೇಜಿಎಫ್‌ಪಿ ಅಂತ ಒಂದು ದೋಷ ಹೊರಗೆ ಬಂತು, ಸಿವಿಇ-2018-3665. ಇಂಟೆಲ್ ಕೋರ್ ಪ್ರೊಸೆಸರ್‌ಗಳಲ್ಲಿ ಟಿಎಸ್ ಸೆಟ್ ಇದ್ರೂ ಎಕ್ಸೆಪ್ಶನ್ ಬರೋಕೆ ಮುಂಚೆ ಮುಂದಿನ ಇನ್ಸ್ಟ್ರಕ್ಷನ್‌ಗಳು ಸ್ಪೆಕ್ಯುಲೇಟಿವ್ ಆಗಿ (ಊಹೆಯ ಮೇಲೆ ಮುಂಗಡವಾಗಿ) ಹಳೇ ಮೌಲ್ಯದ ಮೇಲೇ ಓಡ್ಬಿಡ್ತವೆ, ಕ್ಯಾಶ್ ಟೈಮಿಂಗ್ ನೋಡಿ ಆ ಮೌಲ್ಯ ಕದೀಬಹುದು. ಅಂದ್ರೆ ಟಿಎಸ್ ಬಾಗಿಲು ಹಾಕಿದ ಹಾಗೆ ಕಾಣುತ್ತೆ ಅಷ್ಟೇ, ಒಳಗಿರೋದು ಹೊರಗಿಂದ ಓದೋಕೆ ಆಗುತ್ತೆ. ಕ್ಸೆನ್ ಅನ್ನೋ ಹೈಪರ್‌ವೈಸರ್‌ನೋರು ಇದಕ್ಕೆ ಎಕ್ಸ್‌ಎಸ್‌ಎ-267 ಅಂತ ಪ್ರಕಟಣೆ ಕೊಡ್ಬೇಕಾಯ್ತು. ಲಿನಕ್ಸ್ 2016ರಲ್ಲಿ 4.6ನಿಂದಲೇ ಈಗರ್ (ಮುಟ್ಟೋವರೆಗೂ ಕಾಯದೆ ಮೊದಲೇ ಲೋಡ್ ಮಾಡೋದು) ಕಡೆ ತಿರುಗಿತ್ತು, ಕೆವಿಎಂನ ಲೇಜಿ ಕೋಡ್ 2017ರಲ್ಲಿ ಕಿತ್ತು ಹಾಕಿದ್ರು, ಹಾಗಾಗಿ ಹೊಸ ಕರ್ನಲ್ ಹಾಕಿದ್ದೋರು ಬಚಾವಾದ್ರು.

ಹಾಗಾದ್ರೆ ಪ್ರತಿ ಎಕ್ಸಿಟ್‌ಗೂ ಸೇವ್, ಪ್ರತಿ ಎಂಟ್ರಿಗೂ ರಿಸ್ಟೋರ್ ಮಾಡ್ಬೇಕಾ? ಸ್ಲೋ ಆಗಲ್ವಾ?

ಈಗರ್ ಅಂದ ತಕ್ಷಣ ಎಲ್ಲರೂ ಹೀಗೇ ಅಂದ್ಕೊಳ್ತಾರೆ. ಅಲ್ಲ. ಸೇವ್ ಮಾಡ್ಬೇಕಾಗಿರೋದು ರಿಜಿಸ್ಟರ್‌ನ ಯಜಮಾನ ಬದಲಾದಾಗ ಮಾತ್ರ. ಕೆವಿಎಂ ಏನ್ ಮಾಡುತ್ತೆ ಅಂದ್ರೆ, ಕ್ಯೂಎಮು (ಕೆವಿಎಂ ಬಳಸಿ ಗೆಸ್ಟ್ ಓಡಿಸೋ ಯೂಸರ್‌ಸ್ಪೇಸ್ ಪ್ರೋಗ್ರಾಂ) ಥ್ರೆಡ್ ರನ್ ಐಒಸಿಟಿಎಲ್ (ಗೆಸ್ಟ್ ಓಡಿಸು ಅಂತ ಕರ್ನಲ್‌ಗೆ ಹೇಳೋ ಕರೆ) ಕರೆದಾಗ ಒಂದ್ಸಲ ಯೂಸರ್ ಸ್ಟೇಟ್ ಪಕ್ಕಕ್ಕಿಟ್ಟು ಗೆಸ್ಟ್‌ದು ಲೋಡ್ ಮಾಡುತ್ತೆ, ಅದು ವಾಪಸ್ ಯೂಸರ್‌ಸ್ಪೇಸ್‌ಗೆ ಹೋಗುವಾಗ ತಿರುಗಿಸುತ್ತೆ. ಇವೆರಡ್ರ ಮಧ್ಯೆ ನೂರು ಎಕ್ಸಿಟ್ ಆದ್ರೂ ಕರ್ನಲ್ ಒಳಗೇ ಮುಗಿಯೋವು ಇದ್ರೆ ಗೆಸ್ಟ್‌ನ ಮೌಲ್ಯ ರಿಜಿಸ್ಟರ್‌ನಲ್ಲೇ ಇರುತ್ತೆ, ಯಾರೂ ಮುಟ್ಟಲ್ಲ.

ಆ ಮಧ್ಯೆ ಶೆಡ್ಯೂಲರ್ ಬಂದು ಥ್ರೆಡ್ ಎತ್ತಿಬಿಟ್ರೆ? ಥ್ರೆಡ್‌ನ ಎಫ್‌ಪಿಯು ಪಾಯಿಂಟರ್ ಆಗ ಗೆಸ್ಟ್‌ನ ಏರಿಯಾ ಕಡೆ ತೋರಿಸ್ತಿರುತ್ತೆ, ಮಾಮೂಲಿ ಕಾಂಟೆಕ್ಸ್ಟ್ ಸ್ವಿಚ್ಚೇ ಅದನ್ನ ಸರಿಯಾದ ಜಾಗಕ್ಕೆ ಸೇವ್ ಮಾಡುತ್ತೆ. ಲಿನಕ್ಸ್ 5.2ನಿಂದ ವಾಪಸ್ ಲೋಡ್ ಮಾಡೋದನ್ನ ಮುಂದೂಡಿ ಥ್ರೆಡ್ ಮೇಲೆ ಒಂದು ಫ್ಲ್ಯಾಗ್ ಇಡ್ತಾರೆ, ಕೆವಿಎಂ ಗೆಸ್ಟ್ ಒಳಗೆ ಹೋಗೋ ಮುಂಚೆ ಆ ಫ್ಲ್ಯಾಗ್ ನೋಡಿ ಬೇಕಿದ್ರೆ ಲೋಡ್ ಮಾಡುತ್ತೆ. ಸಾಫ್ಟ್‌ಐಆರ್‌ಕ್ಯು (ಇಂಟರಪ್ಟ್ ಆದ ಮೇಲೆ ಕರ್ನಲ್ ಮುಗಿಸೋ ಬಾಕಿ ಕೆಲಸ) ಒಳಗೆ ನೆಟ್‌ವರ್ಕ್‌ನ ಐಪಿಸೆಕ್ ಎನ್‌ಕ್ರಿಪ್ಶನ್ ಎಫ್‌ಪಿಯು ಬಳಸಿದ್ರೂ ಅದೇ ದಾರಿ, ಮೊದಲು ಇರೋದನ್ನ ಸೇವ್, ಫ್ಲ್ಯಾಗ್ ಸೆಟ್, ಆಮೇಲೆ ಬಳಕೆ. ಸ್ವಂತ ಹೈಪರ್‌ವೈಸರ್‌ನಲ್ಲೂ ಕೋರ್‌ಗೊಂದು ಯಜಮಾನ ಪಾಯಿಂಟರ್, ವಿಸಿಪಿಯುಗೊಂದು ಕೊನೇ ಸಲ ಯಾವ ಕೋರ್‌ನಲ್ಲಿತ್ತು ಅನ್ನೋ ಗುರುತು, ಇಷ್ಟಿಟ್ಕೊಂಡ್ರೆ ಮುಕ್ಕಾಲು ಕೆಲಸ ಮುಗೀತು.

ಎಕ್ಸ್‌ಸಿಆರ್0 ಅನ್ನೋದನ್ನ ಯಾಕೆ ಬೇರೆಯಾಗಿ ಸ್ವಿಚ್ ಮಾಡ್ತಾರೆ? ಅದೂ ಎಂಟ್ರಿಗೆ ಅಷ್ಟು ಹತ್ರದಲ್ಲಿ?

ಎಕ್ಸ್‌ಸೇವ್ ಯಾವ್ಯಾವ ಕಾಂಪೊನೆಂಟ್ ಮುಟ್ಟಬಹುದು ಅಂತ ಹೇಳೋ ರಿಜಿಸ್ಟರ್ ಅದು. ಗೆಸ್ಟ್ ತನ್ನ ಎಕ್ಸ್‌ಸಿಆರ್0 ಓದೋಕೆ ಬಳಸೋ ಎಕ್ಸ್‌ಗೆಟ್‌ಬಿವಿ ಇನ್ಸ್ಟ್ರಕ್ಷನ್‌ಗೆ ಎಕ್ಸಿಟ್ ಇಲ್ಲ, ಹಿಡಿಯೋಕಾಗಲ್ಲ, ಗೆಸ್ಟ್‌ನ ಎಕ್ಸ್‌ಸೇವ್ ಕೂಡ ನಿಜವಾದ ಎಕ್ಸ್‌ಸಿಆರ್0ನೇ ನೋಡುತ್ತೆ. ಹಾಗಾಗಿ ಗೆಸ್ಟ್ ಓಡುವಾಗ ಅಲ್ಲಿ ಗೆಸ್ಟ್‌ನ ಮೌಲ್ಯಾನೇ ಇರ್ಬೇಕು.

ತೊಂದರೆ ವಾಪಸ್ ಬಂದಾಗ. ಗೆಸ್ಟ್ ಬರೀ ಎಕ್ಸ್87 ಮತ್ತೆ ಎಸ್‌ಎಸ್‌ಇ ಆನ್ ಮಾಡಿದೆ, ನೀವು ಆ ಮೌಲ್ಯ ಹಾಗೇ ಬಿಟ್ಟು ಹೋಸ್ಟ್ ಕಡೆ ಎಕ್ಸ್‌ಸೇವ್ ಮಾಡಿದ್ರೆ ವೈಎಂಎಂನ ಮೇಲರ್ಧ ಸೇವ್ ಆಗೋದೇ ಇಲ್ಲ, ಎರರ್ ಕೂಡ ಬರಲ್ಲ. ಅದಕ್ಕೇ ಇಂಟರಪ್ಟ್ ಆಫ್ ಮಾಡಿದ ಮೇಲೆ ಗೆಸ್ಟ್‌ನ ಎಕ್ಸ್‌ಸಿಆರ್0 ಹಾಕ್ಬೇಕು, ಎಕ್ಸಿಟ್ ಆಗಿ ಇಂಟರಪ್ಟ್ ಆನ್ ಆಗೋ ಮುಂಚೆ ಹೋಸ್ಟ್‌ದು ವಾಪಸ್ ಹಾಕ್ಬೇಕು. ಎರಡೂ ಒಂದೇ ಇದ್ರೆ ಬರೀಬೇಡಿ, ಅದಕ್ಕೆ ಬರೆಯೋ ಎಕ್ಸ್‌ಸೆಟ್‌ಬಿವಿ ಅಗ್ಗದ ಇನ್ಸ್ಟ್ರಕ್ಷನ್ ಅಲ್ಲ.

ಇದಕ್ಕೆ ಅಂಟಿಕೊಂಡಿರೋದು ಇನ್ನೊಂದು: ಗೆಸ್ಟ್ ಸ್ಟೇಟ್ ಸೇವ್ ಮಾಡುವಾಗ ಗೆಸ್ಟ್‌ನ ಮಾಸ್ಕ್ (ಯಾವ್ಯಾವ ಕಾಂಪೊನೆಂಟ್ ಬೇಕು ಅಂತ ಹೇಳೋ ಬಿಟ್‌ಗಳು) ಬಳಸ್ಬೇಡಿ, ಗೆಸ್ಟ್‌ಗೆ ಏನೇನು ಕೊಟ್ಟಿದೀರೋ ಅದಷ್ಟೂ ಬರೋ ಹೋಸ್ಟ್ ಮಾಸ್ಕ್ ಬಳಸಿ. ಗೆಸ್ಟ್ ಎವಿಎಕ್ಸ್ ಬಿಟ್ ಆಫ್ ಮಾಡಿ ಸ್ವಲ್ಪ ಹೊತ್ತಿಗೆ ಆನ್ ಮಾಡಿದ್ರೆ ಹಳೇ ಮೌಲ್ಯ ಅಲ್ಲೇ ಇರ್ಬೇಕು. ರಿಸ್ಟೋರ್‌ನಲ್ಲಂತೂ ಮಾಸ್ಕ್‌ನಲ್ಲಿ ಇಲ್ಲದ ಕಾಂಪೊನೆಂಟನ್ನ ಎಕ್ಸ್‌ಆರ್‌ಸ್ಟೋರ್ ಮುಟ್ಟೋದೇ ಇಲ್ಲ, ಅಂದ್ರೆ ಹಿಂದಿನ ಗೆಸ್ಟ್ ಬಿಟ್ಟುಹೋದದ್ದು ಹೊಸ ಗೆಸ್ಟ್ ಕೈಗೆ ಸಿಗುತ್ತೆ.

ಗೆಸ್ಟ್ ಎಕ್ಸ್‌ಸೆಟ್‌ಬಿವಿ ಮಾಡಿದಾಗ ಏನೇನು ಚೆಕ್ ಮಾಡ್ಬೇಕು?

ಇಂಟೆಲ್‌ನಲ್ಲಿ ಅದು ಯಾವಾಗ್ಲೂ ಎಕ್ಸಿಟ್ ಆಗುತ್ತೆ, ಎಎಂಡಿಯಲ್ಲಿ ಇಂಟರ್ಸೆಪ್ಟ್ ಬಿಟ್ ನೀವೇ ಹಾಕ್ಬೇಕು. ರಿಂಗ್ 0 (ಕರ್ನಲ್ ಮಟ್ಟ) ಇರ್ಬೇಕು. ಬಿಟ್ 0 ಯಾವಾಗ್ಲೂ 1. ಎಸ್‌ಎಸ್‌ಇ ಇಲ್ದೆ ಎವಿಎಕ್ಸ್ ಇಲ್ಲ. ಎವಿಎಕ್ಸ್-512ರ ಮೂರು ಬಿಟ್ ಒಟ್ಟಿಗೇ ಇರ್ಬೇಕು ಇಲ್ಲಾ ಒಂದೂ ಇರ್ಬಾರ್ದು, ಇದ್ರೆ ಎವಿಎಕ್ಸ್ ಬಿಟ್ಟೂ ಇರ್ಬೇಕು. ಎಎಂಎಕ್ಸ್‌ನ 17 ಮತ್ತೆ 18 ಜೋಡಿ. ನೀವು ಸಿಪಿಯುಐಡಿಯಲ್ಲಿ ತೋರಿಸಿಲ್ಲದ ಬಿಟ್ ಯಾವ್ದೂ ಇರ್ಬಾರ್ದು. ತಪ್ಪಿದ್ರೆ ಗೆಸ್ಟ್‌ಗೇ ಜನರಲ್ ಪ್ರೊಟೆಕ್ಷನ್ ಫಾಲ್ಟ್ ಕಳಿಸಿ. ಚೆಕ್ ಮಾಡ್ದೆ ನಿಜವಾದ ಎಕ್ಸ್‌ಸೆಟ್‌ಬಿವಿಗೆ ಕೊಟ್ರೆ ಫಾಲ್ಟ್ ನಿಮಗೇ ಬೀಳುತ್ತೆ. 2013ರಲ್ಲಿ ಕ್ಸೆನ್‌ನ ಎಕ್ಸ್‌ಎಸ್‌ಎ-53 ಮತ್ತೆ 54 ಬಂದದ್ದು ಇದೇ ಜಾತಿಯ ತಪ್ಪಿಗೆ: ಎಕ್ಸ್‌ಆರ್‌ಸ್ಟೋರ್, ಎಕ್ಸ್‌ಸೆಟ್‌ಬಿವಿ ಫಾಲ್ಟ್ ಆದ್ರೆ ಚೇತರಿಸ್ಕೊಳ್ಳೋ ಕೋಡ್ ಇರ್ಲಿಲ್ಲ, ಗೆಸ್ಟ್ ಒಂದು ಇಡೀ ಹೋಸ್ಟನ್ನ ಬೀಳಿಸಬಹುದಿತ್ತು.

ಸಿಪಿಯುಐಡಿಯಲ್ಲಿ ಎವಿಎಕ್ಸ್ ಬಿಟ್ ಕೊಟ್ಟಿದೀನಿ, ಆದ್ರೂ ಗೆಸ್ಟ್ ಒಳಗಿನ ಪ್ರೋಗ್ರಾಂ ಎವಿಎಕ್ಸ್ ಇಲ್ಲ ಅನ್ನುತ್ತೆ

ನೂರಕ್ಕೆ ತೊಂಬತ್ತು ಸಲ ಒಎಸ್‌ಎಕ್ಸ್‌ಸೇವ್ ಬಿಟ್. ಸಿಪಿಯುಐಡಿ ಲೀಫ್ 1ರ ಇಸಿಎಕ್ಸ್‌ನ 27ನೇ ಬಿಟ್ ಸ್ಥಿರ ಅಲ್ಲ, ಗೆಸ್ಟ್‌ನ ಸಿಆರ್4ರಲ್ಲಿ 18ನೇ ಬಿಟ್ ಏನಿದೆಯೋ ಅದ್ರ ಪಡಿಯಚ್ಚು. ಬೂಟ್ ಸಮಯದಲ್ಲಿ ಒಂದು ಟೇಬಲ್ ಮಾಡಿಟ್ಟು ಅದನ್ನೇ ಕೊಡ್ತಾ ಹೋದ್ರೆ ಅದು ಸೊನ್ನೆಯಾಗೇ ಉಳಿಯುತ್ತೆ. ಲೀಫ್ 13ರ ಸಬ್‌ಲೀಫ್ 0ದ ಇಬಿಎಕ್ಸ್ ಕೂಡ ಹಾಗೇ, ಈಗಿನ ಎಕ್ಸ್‌ಸಿಆರ್0ಗೆ ಎಷ್ಟು ಜಾಗ ಬೇಕು ಅಂತ ಅದು ಹೇಳ್ಬೇಕು, ಇಸಿಎಕ್ಸ್ ಗರಿಷ್ಠ ಎಷ್ಟು ಅಂತ. ಇಬಿಎಕ್ಸ್‌ಗೆ ಚಿಕ್ಕ ನಂಬರ್ ಕೊಟ್ರೆ ಗೆಸ್ಟ್ ಕರ್ನಲ್ ಚಿಕ್ಕ ಬಫರ್ ತಗೊಂಡು ಪಕ್ಕದ ಮೆಮೊರಿ ಮೇಲೆ ಬರ್ಕೊಂಡು ಹೋಗುತ್ತೆ.

ಹೊಸ ವಿಸಿಪಿಯುಗೆ ಸೊನ್ನೆ ತುಂಬಿದ ಏರಿಯಾ ಕೊಟ್ಟೆ, ಗೆಸ್ಟ್ ಮೊದಲ ಭಾಗಾಕಾರಕ್ಕೇ ವೆಕ್ಟರ್ 19 ಎಕ್ಸೆಪ್ಶನ್ ತಿಂತಿದೆ

ಒಳ್ಳೇ ಬೋನು ಇದು. ಹೆಡರ್‌ನಲ್ಲಿ ಎಸ್‌ಎಸ್‌ಇ ಬಿಟ್ ಸೊನ್ನೆ ಇದ್ರೆ ಎಕ್ಸ್‌ಎಂಎಂ ರಿಜಿಸ್ಟರ್‌ಗಳನ್ನ ಎಕ್ಸ್‌ಆರ್‌ಸ್ಟೋರ್ ತಾನೇ ಇನಿಶಿಯಲ್ ಸ್ಥಿತಿಗೆ ತರುತ್ತೆ, ನಿಜ. ಆದ್ರೆ ಸ್ಟ್ಯಾಂಡರ್ಡ್ ಫಾರ್ಮ್ಯಾಟ್‌ನಲ್ಲಿ ಎಂಎಕ್ಸ್‌ಸಿಎಸ್‌ಆರ್ ಮಾತ್ರ ಇದಕ್ಕೆ ಹೊರತು, ಮಾಸ್ಕ್‌ನಲ್ಲಿ ಎಸ್‌ಎಸ್‌ಇ ಅಥವಾ ಎವಿಎಕ್ಸ್ ಕೇಳಿದ್ರೆ ಅದನ್ನ ಹೆಡರ್ ಏನೇ ಹೇಳ್ಲಿ ಮೆಮೊರಿಯಿಂದಲೇ ಓದುತ್ತೆ. ಅಲ್ಲಿ ಸೊನ್ನೆ ಇದೆ, ಸೊನ್ನೆ ಅಂದ್ರೆ ಎಲ್ಲಾ ಎಕ್ಸೆಪ್ಶನ್ ತೆರೆದಿದೆ ಅಂತ, ಒಂದನ್ನ ಮೂರರಿಂದ ಭಾಗಿಸಿದ್ರೂ ಇನ್‌ಎಕ್ಸಾಕ್ಟ್ ಅಂತ ಹೊಡೆಯುತ್ತೆ. ಹೆಕ್ಸ್ 1ಎಫ್80 ತುಂಬಿ. ಕಾಂಪ್ಯಾಕ್ಟ್ ಫಾರ್ಮ್ಯಾಟ್‌ನಲ್ಲಿ (ಆನ್ ಇರೋ ಕಾಂಪೊನೆಂಟ್‌ಗಳನ್ನ ಮಾತ್ರ ಒತ್ತಾಗಿ ಜೋಡಿಸೋದು) ಈ ಗೋಳಿಲ್ಲ. ಹಳೇ ಎಫ್‌ಎಕ್ಸ್‌ಆರ್‌ಸ್ಟೋರ್ ಆದ್ರೆ ಎಕ್ಸ್87 ಕಂಟ್ರೋಲ್ ವರ್ಡ್‌ಗೂ ಹೆಕ್ಸ್ 037ಎಫ್ ತುಂಬ್ಬೇಕು. ಹಾಗೇ ಇನಿಟ್ ಸಿಗ್ನಲ್ ಬಂದಾಗ ಎಕ್ಸ್87, ಎಕ್ಸ್‌ಎಂಎಂ ಸೊನ್ನೆ ಮಾಡಿಬಿಡ್ಬೇಡಿ, ಅದು ರೀಸೆಟ್‌ನ ಕೆಲಸ, ಇನಿಟ್ ಅವನ್ನ ಮುಟ್ಟಲ್ಲ.

ಗೆಸ್ಟ್ ರೌಂಡಿಂಗ್ ಮೋಡ್ ಬದಲಾಯಿಸಿದ್ರೆ ಹೋಸ್ಟ್ ಲೆಕ್ಕಾನೂ ಬದಲಾಗುತ್ತಾ?

ಸ್ವಿಚ್ ಸರಿಯಾಗಿ ಮಾಡ್ದಿದ್ರೆ ಖಂಡಿತ. ಡೇಟಾ ರಿಜಿಸ್ಟರ್ ನೆನಪಿಟ್ಟು ಎಂಎಕ್ಸ್‌ಸಿಎಸ್‌ಆರ್ ಮರೆಯೋರು ಬಹಳ ಜನ. ಗೆಸ್ಟ್‌ನಲ್ಲಿ ಆಟ ಒಂದು ಫ್ಲಷ್-ಟು-ಝೀರೋ ಆನ್ ಮಾಡಿದೆ ಅಂದ್ಕೊಳ್ಳಿ, ಹೋಸ್ಟ್‌ನ ಪ್ರೋಗ್ರಾಂನಲ್ಲಿ ತೀರಾ ಸಣ್ಣ ಸಂಖ್ಯೆಗಳೆಲ್ಲ ಸದ್ದಿಲ್ದೆ ಸೊನ್ನೆ ಆಗ್ತವೆ. ಹೈಪರ್‌ವೈಸರ್ ತಾನೇ ಎಫ್‌ಪಿಯು ಬಳಸೋ ಜಾಗದಲ್ಲಿ ಮೊದಲು ಡೀಫಾಲ್ಟ್ ಎಂಎಕ್ಸ್‌ಸಿಎಸ್‌ಆರ್ ಹಾಕ್ಕೊಂಡು ಶುರು ಮಾಡ್ಲಿ. ಎಕ್ಸ್87ನಲ್ಲಿ ಇನ್ನೊಂದು ತರಲೆ, ಎಕ್ಸೆಪ್ಶನ್ ಆದ ಕೂಡ್ಲೇ ಬರಲ್ಲ, ಮುಂದಿನ ಎಕ್ಸ್87 ಇನ್ಸ್ಟ್ರಕ್ಷನ್‌ಗೆ ಬರುತ್ತೆ. ಗೆಸ್ಟ್ ಒಂದನ್ನ ಬಾಕಿ ಇಟ್ಟು ಎಕ್ಸಿಟ್ ಆಗಿದ್ರೆ ನೀವು ಎಫ್‌ವೇಟ್ ಓಡಿಸಿದ ಕ್ಷಣ ಅದು ನಿಮ್ಮ ತಲೆ ಮೇಲೆ ಬೀಳುತ್ತೆ. ಎಫ್‌ಎಕ್ಸ್‌ಸೇವ್, ಎಕ್ಸ್‌ಸೇವ್ ಈ ಬಾಕಿ ನೋಡಲ್ಲ, ಅವೇ ಮೊದಲು ಓಡ್ಬೇಕು.

## ಒಳಗಿನ ತಂಟೆಗಳು

ಪಿಕೆಆರ್‌ಯು ಕೂಡ ಎಕ್ಸ್‌ಸೇವ್‌ನಲ್ಲೇ ಇದೆಯಲ್ಲ, ಮತ್ತೆ ಕೆವಿಎಂ ಯಾಕೆ ಅದನ್ನ ಬೇರೆ ನೋಡ್ಕೊಳ್ಳುತ್ತೆ?

ಎಕ್ಸ್‌ಎಂಎಂನಲ್ಲಿ ಗೆಸ್ಟ್‌ನ ಮೌಲ್ಯ ಕೂತಿದ್ರೆ ಹೋಸ್ಟ್‌ಗೆ ಅದ್ರಿಂದ ತೊಂದ್ರೆ ಇಲ್ಲ, ಮುಟ್ಟದೇ ಇದ್ರೆ ಆಯ್ತು. ಪಿಕೆಆರ್‌ಯು ಹಾಗಲ್ಲ, ಅದು ಯೂಸರ್ ಪೇಜ್‌ಗಳನ್ನ ಓದಬಹುದಾ ಬರೀಬಹುದಾ ಅಂತ ತೀರ್ಮಾನ ಮಾಡೋ ರಿಜಿಸ್ಟರ್. ಗೆಸ್ಟ್‌ದು ಇರುವಾಗ ಹೋಸ್ಟ್ ಕರ್ನಲ್ ಯೂಸರ್ ಮೆಮೊರಿ ಮುಟ್ಟಿದ್ರೆ ಸಂಬಂಧವೇ ಇಲ್ಲದ ಫಾಲ್ಟ್. ಅದಕ್ಕೆ ಎಕ್ಸ್‌ಸಿಆರ್0 ಜೊತೆಗೇ ಎಂಟ್ರಿ ಎಕ್ಸಿಟ್ ಅಂಚಲ್ಲೇ ಅದ್ರ ಅದಲುಬದಲು.

ಗೆಸ್ಟ್ ಎಂಎಂಐಒ ವಿಳಾಸಕ್ಕೆ ಎಸ್‌ಎಸ್‌ಇ ಇನ್ಸ್ಟ್ರಕ್ಷನ್‌ನಲ್ಲಿ ಬರೆದ್ರೆ ಎಮ್ಯುಲೇಟರ್ ಮೌಲ್ಯ ಎಲ್ಲಿಂದ ತಗೋಬೇಕು?

ಎಂಎಂಐಒ ಅಂದ್ರೆ ಮೆಮೊರಿ ವಿಳಾಸದ ಮೂಲಕ ಡಿವೈಸ್ ಮುಟ್ಟೋದು, ಅಂಥ ಇನ್ಸ್ಟ್ರಕ್ಷನ್ ಅನ್ನ ಗೆಸ್ಟ್ ಪರವಾಗಿ ಎಮ್ಯುಲೇಟರ್ ನಡೆಸುತ್ತೆ. ಜನರಲ್ ರಿಜಿಸ್ಟರ್ ಆದ್ರೆ ಎಕ್ಸಿಟ್‌ನಲ್ಲೇ ಸೇವ್ ಆಗಿರುತ್ತೆ, ಮೆಮೊರಿಯಲ್ಲಿ ನೋಡಿದ್ರೆ ಸಾಕು. ಎಕ್ಸ್‌ಎಂಎಂ ಮಾತ್ರ ಎರಡ್ರಲ್ಲಿ ಒಂದು ಕಡೆ ಇರುತ್ತೆ, ನಿಜವಾದ ರಿಜಿಸ್ಟರ್‌ನಲ್ಲಿ ಅಥವಾ ಮಧ್ಯೆ ಯಾರೋ ಎತ್ತಿಟ್ಟಿದ್ರೆ ಸೇವ್ ಏರಿಯಾದಲ್ಲಿ. ರಿಜಿಸ್ಟರ್‌ನಲ್ಲೇ ಇದೆ ಅಂತ ನಂಬ್ಕೊಂಡು ಓದಿದ್ರೆ ಅಪರೂಪಕ್ಕೊಮ್ಮೆ ಬೇರೆ ಥ್ರೆಡ್‌ನ ಮೌಲ್ಯ ಡಿವೈಸ್‌ಗೆ ಹೋಗುತ್ತೆ. 5.2ರ ಮುಂದೂಡಿಕೆ ಬಂದ ಮೇಲೆ ಕೆವಿಎಂನಲ್ಲೇ ಈ ರಂಧ್ರ ಬಿದ್ದಿತ್ತು, 2020ರ ಶುರುವಲ್ಲಿ ಮುಚ್ಚಿದ್ರು. ಪ್ರಿಎಂಪ್ಶನ್ ತಡೆದು, ಲೋಡ್ ಆಗಿದೆಯಾ ನೋಡಿ, ಇಲ್ದಿದ್ರೆ ಲೋಡ್ ಮಾಡಿ, ಆಮೇಲೆ ಓದಿ.

ಲೈವ್ ಮೈಗ್ರೇಶನ್ ಆದ ಮೇಲೆ ಗೆಸ್ಟ್ ಸಾಯ್ತಿದೆ. ಎಫ್‌ಪಿಯು ಬ್ಲಾಬ್ ಹಾಗೇ ಕಳಿಸ್ತಿದೀನಿ, ಬೈಟ್‌ಗೆ ಬೈಟ್ ಒಂದೇ ಇದೆ

ಓಡ್ತಿರೋ ಗೆಸ್ಟನ್ನ ಇನ್ನೊಂದು ಮೆಷಿನ್‌ಗೆ ಸಾಗಿಸುವಾಗ ಸ್ಟೇಟ್ ಹಾಗೇ ಕಳಿಸ್ತಿರೋದೇ ಸಮಸ್ಯೆ ಇರಬಹುದು. ಎಕ್ಸ್‌ಸೇವ್‌ಎಸ್, ಎಕ್ಸ್‌ಸೇವ್‌ಸಿ ಬರೆಯೋದು ಕಾಂಪ್ಯಾಕ್ಟ್ ಫಾರ್ಮ್ಯಾಟ್, ಯಾವ ಕಾಂಪೊನೆಂಟ್ ಆನ್ ಇದೆ ಅನ್ನೋದ್ರ ಮೇಲೆ ಆಫ್‌ಸೆಟ್ ಬದಲಾಗುತ್ತೆ. ಹೊರಗೆ ಕಳಿಸುವಾಗ ಸ್ಟ್ಯಾಂಡರ್ಡ್ ಫಾರ್ಮ್ಯಾಟ್‌ಗೆ ಬಿಡಿಸಿ ಕಳಿಸಿ, ಕೆವಿಎಂ ಯೂಸರ್‌ಸ್ಪೇಸ್‌ಗೆ ಕೊಡೋದೂ ಅದನ್ನೇ. ಇನಿಶಿಯಲ್ ಸ್ಥಿತಿಯಲ್ಲಿದೆ ಅಂತ ಬರೆಯದೇ ಬಿಟ್ಟಿರೋ ಕಾಂಪೊನೆಂಟ್ ಜಾಗದಲ್ಲಿ ಹಳೇ ಕಸ ಇರುತ್ತೆ, ಅದನ್ನೂ ಸರಿಯಾದ ಮೌಲ್ಯದಿಂದ ತುಂಬಿ, ಇಲ್ದಿದ್ರೆ ಹೋಸ್ಟ್ ಮೆಮೊರಿ ಸೋರಿಕೆ. ಹಾಕುವಾಗ ಎಕ್ಸ್‌ಸಿಆರ್0 ಕೂಡ ಮರೀಬೇಡಿ, ಅದು ಬ್ಲಾಬ್ ಒಳಗಿಲ್ಲ.

ಇನ್ನು ಈ ಕಡೆ ಬಂದ ಬ್ಲಾಬನ್ನ ನಂಬ್ಲೇಬೇಡಿ. ಎಂಎಕ್ಸ್‌ಸಿಎಸ್‌ಆರ್‌ನ ರಿಸರ್ವ್ಡ್ ಬಿಟ್, ಹೆಡರ್‌ನ ರಿಸರ್ವ್ಡ್ ಬೈಟ್, ಈ ಮೆಷಿನ್‌ನಲ್ಲಿ ಇಲ್ಲದ ಕಾಂಪೊನೆಂಟ್ ಬಿಟ್, ಯಾವ್ದೇ ಒಂದು ಸೆಟ್ ಇದ್ರೂ ಎಕ್ಸ್‌ಆರ್‌ಸ್ಟೋರ್ ಫಾಲ್ಟ್ ಆಗೋದು ಹೋಸ್ಟ್ ಒಳಗೆ. ಎವಿಎಕ್ಸ್-512 ಇರೋ ಮೆಷಿನ್‌ನಿಂದ ಇಲ್ಲದ ಮೆಷಿನ್‌ಗೆ ಕಳಿಸ್ಬೇಕು ಅಂದ್ರೆ ಗೆಸ್ಟ್ ಹುಟ್ಟುವಾಗಲೇ ಸಿಪಿಯುಐಡಿಯಿಂದ ಅದನ್ನ ಮರೆಮಾಡಿರ್ಬೇಕು, ನಡುದಾರಿಯಲ್ಲಿ ಕಿತ್ಕೊಳ್ಳೋಕೆ ಆಗಲ್ಲ.

ಎಎಂಎಕ್ಸ್ ಬಂದ ಮೇಲೆ ಎಕ್ಸ್‌ಎಫ್‌ಡಿ ಅಂತಾರಲ್ಲ, ಅದು ಮತ್ತೆ ಲೇಜಿ ಎಫ್‌ಪಿಯುನೇ ಅಲ್ವಾ?

ಮೇಲ್ನೋಟಕ್ಕೆ ಹೌದು, ಉದ್ದೇಶ ಬೇರೆ. ಎಕ್ಸ್‌ಎಫ್‌ಡಿ ಅಂದ್ರೆ ಒಂದು ಕಾಂಪೊನೆಂಟನ್ನ ಮೊದಲ ಬಳಕೆವರೆಗೂ ಆಫ್ ಇಡೋ ಸೌಲಭ್ಯ. 8 ಕೆಬಿಯ ಟೈಲ್ ಡೇಟಾಗೆ ಪ್ರತಿ ಥ್ರೆಡ್‌ಗೂ ಜಾಗ ಕೊಟ್ಟು ಕೂರೋಕೆ ಯಾರಿಗೂ ಇಷ್ಟ ಇಲ್ಲ, ಅದಕ್ಕೆ ಮೊದಲ ಸಲ ಬಳಸಿದಾಗ ವೆಕ್ಟರ್ 7 ಬರ್ಲಿ, ಆಗ ಬಫರ್ ದೊಡ್ಡದು ಮಾಡೋಣ ಅಂತ. ಬಂದಮೇಲೆ ಸ್ವಿಚ್ ಮಾಡೋದು ಈಗರ್ ಆಗೇ. ಲಿನಕ್ಸ್ 5.16ರಲ್ಲಿ ಹೋಸ್ಟ್‌ಗೆ, 5.17ರಲ್ಲಿ ಕೆವಿಎಂ ಗೆಸ್ಟ್‌ಗೆ ಬಂತು. ಗೆಸ್ಟ್‌ಗೆ ಕೊಡ್ಬೇಕಂದ್ರೆ ಕ್ಯೂಎಮು ಥರದ ಪ್ರೋಗ್ರಾಂ ಮೊದಲ ವಿಸಿಪಿಯು ಮಾಡೋ ಮುಂಚೆಯೇ ಕರ್ನಲ್ ಹತ್ರ ಅನುಮತಿ ಕೇಳ್ಬೇಕು, ಆಮೇಲೆ ಕೇಳಿದ್ರೆ ಇಲ್ಲ. ಹಳೇ ಎಕ್ಸ್‌ಸೇವ್ ಐಒಸಿಟಿಎಲ್‌ನ ಸ್ಟ್ರಕ್ಟ್ 4096 ಬೈಟ್‌ಗೆ ನಿಂತಿದ್ರಿಂದ ದೊಡ್ಡ ಸೈಜ್‌ಗೆ ಅಂತ ಎರಡನೇದೊಂದು ಸೇರಿಸಿದ್ರು. ಜೋಪಾನ ಬೇಕಾಗಿರೋದು ಎಕ್ಸ್‌ಎಫ್‌ಡಿ ಎರರ್ ಎಂಎಸ್‌ಆರ್ (ಪ್ರೊಸೆಸರ್‌ನ ಒಂದು ವಿಶೇಷ ರಿಜಿಸ್ಟರ್) ವಿಷ್ಯದಲ್ಲಿ. ಯಾವ ಕಾಂಪೊನೆಂಟ್‌ಗೆ ಎಕ್ಸೆಪ್ಶನ್ ಬಂತು ಅಂತ ಅದ್ರಲ್ಲಿರುತ್ತೆ, ಎಕ್ಸಿಟ್ ಆದ ಮೇಲೆ ಇಂಟರಪ್ಟ್ ಆನ್ ಆಗೋ ಮುಂಚೆ ಓದಿಟ್ಕೊಳ್ದಿದ್ರೆ ಹೋಸ್ಟ್‌ನ ಎಕ್ಸೆಪ್ಶನ್ ಒಂದು ಅದನ್ನ ಅಳಿಸಿ ಹಾಕುತ್ತೆ.

ಎಕ್ಸ್‌ಸೇವ್‌ಆಪ್ಟ್ ಬದಲಾಗದೇ ಇರೋದನ್ನ ಬರೆಯಲ್ವಂತೆ. ಗೆಸ್ಟೂ ಹೋಸ್ಟೂ ಒಂದೇ ವಿಳಾಸ ಬಳಸಿದ್ರೆ ಅದು ಮೋಸ ಹೋಗಲ್ವಾ?

ಇಂಟೆಲ್ ಇದನ್ನ ಯೋಚ್ನೆ ಮಾಡಿದೆ. ಕೊನೇ ಎಕ್ಸ್‌ಆರ್‌ಸ್ಟೋರ್ ಯಾವ ವಿಳಾಸದಿಂದ ಆಯ್ತು ಅನ್ನೋದ್ರ ಜೊತೆ ಯಾವ ರಿಂಗ್, ಗೆಸ್ಟ್ ಮೋಡ್‌ನಲ್ಲಿತ್ತಾ ಇಲ್ವಾ, ಕಾಂಪ್ಯಾಕ್ಟ್ ಹೆಡರ್ ಏನಿತ್ತು ಅಂತಾನೂ ಪ್ರೊಸೆಸರ್ ನೆನಪಿಟ್ಕೊಳ್ಳುತ್ತೆ, ಎಲ್ಲಾ ತಾಳೆ ಆದ್ರೆ ಮಾತ್ರ ಬರೆಯೋದು ತಪ್ಪಿಸುತ್ತೆ. ಎರಡು ಗೆಸ್ಟ್‌ಗಳು ಒಂದೇ ವಿಳಾಸ ಬಳಸಿದ್ರೆ? ಮಧ್ಯೆ ಹೈಪರ್‌ವೈಸರ್ ತನ್ನ ಎಕ್ಸ್‌ಆರ್‌ಸ್ಟೋರ್ ಮಾಡಿರುತ್ತೆ, ಹಳೇ ನೆನಪು ಅಲ್ಲಿಗೆ ಹೋಯ್ತು. ನೀವು ಬುದ್ಧಿವಂತಿಕೆ ಮಾಡಿ ಮೂವ್ ಇನ್ಸ್ಟ್ರಕ್ಷನ್‌ಗಳಿಂದ ರಿಜಿಸ್ಟರ್ ತುಂಬೋಕೆ ಹೋಗ್ಬೇಡಿ ಅಷ್ಟೇ.

ಎಎಂಡಿಯಲ್ಲಿ ಮಾತ್ರ ಎಫ್‌ಐಪಿ ಸೋರುತ್ತೆ ಅಂತ ಕೇಳಿದೀನಿ, ನಿಜಾನಾ?

ಹಳೇ ಎಎಂಡಿ ಚಿಪ್‌ಗಳಲ್ಲಿ ನಿಜ. ಬಾಕಿ ಎಕ್ಸೆಪ್ಶನ್ ಇಲ್ದಿದ್ರೆ ಎಕ್ಸ್87ನ ಕೊನೇ ಇನ್ಸ್ಟ್ರಕ್ಷನ್ ಪಾಯಿಂಟರ್ (ಇದೇ ಎಫ್‌ಐಪಿ), ಡೇಟಾ ಪಾಯಿಂಟರ್, ಆಪ್‌ಕೋಡ್ ಮೂರನ್ನೂ ಅವು ಸೇವೂ ಮಾಡಲ್ಲ, ರಿಸ್ಟೋರೂ ಮಾಡಲ್ಲ, ಹಾಗಾಗಿ ಹಿಂದಿನವರ ವಿಳಾಸ ಮುಂದಿನವರಿಗೆ ಕಾಣುತ್ತೆ. 2006ರಲ್ಲೇ ಸಿವಿಇ-2006-1056 ಬಂದಿತ್ತು, ಎಕ್ಸ್‌ಸೇವ್ ಬಂದಾಗ ಅದೇ ಕಥೆ ಕ್ಸೆನ್‌ನ ಎಕ್ಸ್‌ಎಸ್‌ಎ-52 ಆಗಿ ಮತ್ತೆ ಬಂತು. ಪರಿಹಾರ ಸುಲಭ, ರಿಸ್ಟೋರ್ ಮುಂಚೆ ಒಂದು ಡಮ್ಮಿ ಎಕ್ಸ್87 ಲೋಡ್ ಮಾಡಿ ಆ ಪಾಯಿಂಟರ್‌ಗಳನ್ನ ನಿಮ್ಮ ಗೊತ್ತಿರೋ ವಿಳಾಸಕ್ಕೆ ತಂದ್ಬಿಡಿ. ಇನ್ನು 2023ರ ಝೆನ್‌ಬ್ಲೀಡ್ ಬೇರೆ ವಿಷ್ಯ, ಝೆನ್ 2 ಚಿಪ್‌ನ ಒಳಗೇ ವೈಎಂಎಂ ಮೇಲರ್ಧ ಸೋರ್ತಿತ್ತು, ನೀವು ಎಷ್ಟೇ ಸರಿಯಾಗಿ ಸ್ವಿಚ್ ಮಾಡಿದ್ರೂ ಮೈಕ್ರೋಕೋಡ್ ಇಲ್ಲಾ ಒಂದು ಎಂಎಸ್‌ಆರ್ ಬಿಟ್ ಹಾಕದೇ ಗತಿ ಇರ್ಲಿಲ್ಲ.

ನೆಸ್ಟೆಡ್ ವಿಎಂ ಇದ್ರೆ ಎಲ್1ಗೆ ಒಂದು ಎಲ್2ಗೆ ಒಂದು ಅಂತ ಎರಡು ಏರಿಯಾ ಬೇಕಾ?

ಬೇಡ. ಎಲ್0 ಅಂದ್ರೆ ತಳದ ಹೈಪರ್‌ವೈಸರ್, ಎಲ್1 ಅದ್ರ ಗೆಸ್ಟ್ ಆಗಿ ಓಡೋ ಇನ್ನೊಂದು ಹೈಪರ್‌ವೈಸರ್, ಎಲ್2 ಆ ಎಲ್1ರ ಗೆಸ್ಟ್. ಹಾರ್ಡ್‌ವೇರ್ ಎಂಟ್ರಿ ಎಕ್ಸಿಟ್‌ನಲ್ಲಿ ಎಫ್‌ಪಿಯು ಮುಟ್ಟಲ್ಲ, ಎಲ್0 ಆದ ನೀವೂ ಎಲ್1 ಎಲ್2 ನಡುವೆ ಮುಟ್ಬಾರ್ದು. ಅದಲುಬದಲು ಮಾಡ್ಕೊಳ್ಳೋದು ಎಲ್1ರ ಹಣೆಬರಹ. ಎಲ್2 ಎಕ್ಸ್‌ಸೆಟ್‌ಬಿವಿ ಮಾಡಿದ್ರೆ ಎಲ್1ಗೆ ಎಕ್ಸಿಟ್ ಕೊಡಿ.

ಆರ್ಮ್, ರಿಸ್ಕ್-ವಿಯಲ್ಲೂ ಇಷ್ಟೇ ತಲೆನೋವಾ?

ಬೇರೆ ಥರದ ತಲೆನೋವು. ಆರ್ಮ್64ರಲ್ಲಿ 128 ಬಿಟ್‌ನ 32 ವಿ ರಿಜಿಸ್ಟರ್, ಜೊತೆಗೆ ಎಫ್‌ಪಿಎಸ್‌ಆರ್, ಎಫ್‌ಪಿಸಿಆರ್. ಸಿಪಿಟಿಆರ್ ಇಎಲ್2 ರಿಜಿಸ್ಟರ್‌ನಲ್ಲಿ ಟ್ರ್ಯಾಪ್ ಹಾಕಿ ಗೆಸ್ಟ್ ಮೊದಲ ಸಲ ಮುಟ್ಟಿದಾಗ ಲೋಡ್ ಮಾಡೋ ಪದ್ಧತಿ ಕೆವಿಎಂನಲ್ಲಿ ಬಂದಿದೆ. ಎಸ್‌ವಿಇ (ವಿ ರಿಜಿಸ್ಟರ್‌ಗಳನ್ನೇ ಹಿಗ್ಗಿಸಿದ ಝಡ್ ರಿಜಿಸ್ಟರ್‌ಗಳು) ಬಂದ್ರೆ ಚಿಪ್‌ನಿಂದ ಚಿಪ್‌ಗೆ ಉದ್ದ 128ರಿಂದ 2048 ಬಿಟ್‌ವರೆಗೆ ಬೇರೆ ಬೇರೆ ಇರಬಹುದು, ಗೆಸ್ಟ್‌ಗೆ ಯಾವ ಉದ್ದಗಳು ಅಂತ ಮೊದಲೇ ಗಟ್ಟಿ ಮಾಡ್ಬೇಕು, ಮೈಗ್ರೇಶನ್ ಗುರಿಯಲ್ಲೂ ಅವೇ ಇರ್ಬೇಕು. ವಿ ರಿಜಿಸ್ಟರ್‌ಗೆ ಬರೆದ್ರೆ ಅದ್ರ ಝಡ್ ರಿಜಿಸ್ಟರ್‌ನ ಮೇಲಿನ ಭಾಗ ಸೊನ್ನೆ ಆಗುತ್ತೆ, ಹಾಗಾಗಿ ವಿ ಮಾತ್ರ ಉಳಿಸಿ ವಾಪಸ್ ಬರೆದ್ರೆ ಎಸ್‌ವಿಇ ಗೆಸ್ಟ್ ಹಾಳು.

ರಿಸ್ಕ್-ವಿ ನನಗೆ ಇಷ್ಟ. ಸ್ಟೇಟಸ್ ರಿಜಿಸ್ಟರ್‌ನ ಎಫ್‌ಎಸ್ ಫೀಲ್ಡ್‌ನಲ್ಲಿ ಆಫ್, ಇನಿಶಿಯಲ್, ಕ್ಲೀನ್, ಡರ್ಟಿ ಅಂತ ನಾಲ್ಕು ಸ್ಥಿತಿ, ಡರ್ಟಿ ಇದ್ರೆ ಮಾತ್ರ ಸೇವ್ ಮಾಡಿ. ಗೆಸ್ಟ್ ಓಡುವಾಗ ಹೋಸ್ಟ್‌ನ ಫೀಲ್ಡೂ ಗೆಸ್ಟ್‌ನ ಫೀಲ್ಡೂ ಎರಡೂ ಲೆಕ್ಕಕ್ಕೆ ಬರ್ತವೆ, ಬದಲಾದ್ರೆ ಎರಡೂ ಡರ್ಟಿ ಆಗ್ತವೆ, ಗೆಸ್ಟ್ ತನ್ನದನ್ನ ಕ್ಲೀನ್ ಅಂತ ಒರೆಸ್ಕೊಂಡ್ರೂ ನಿಮ್ಮದು ಹಾಗೇ ಉಳಿಯುತ್ತೆ.

ಎಸ್‌ಇವಿ-ಇಎಸ್, ಟಿಡಿಎಕ್ಸ್ ಗೆಸ್ಟ್‌ಗಳಿಗೂ ಇದೆಲ್ಲ ಮಾಡ್ಬೇಕಾ?

ಇವು ಗೆಸ್ಟ್‌ನ ಒಳಗನ್ನ ಹೋಸ್ಟ್‌ನಿಂದಲೂ ಮುಚ್ಚಿಡೋ ಎಎಂಡಿ ಮತ್ತೆ ಇಂಟೆಲ್ ವ್ಯವಸ್ಥೆಗಳು. ಅಲ್ಲಿ ಗೆಸ್ಟ್‌ನ ಎಫ್‌ಪಿಯು ಸ್ಟೇಟ್ ಎನ್‌ಕ್ರಿಪ್ಟ್ ಆಗಿ ಹಾರ್ಡ್‌ವೇರ್ ಅಥವಾ ಟಿಡಿಎಕ್ಸ್ ಮಾಡ್ಯೂಲ್ ಕೈಯಲ್ಲಿರುತ್ತೆ, ನೀವು ಓದೋಕೂ ಆಗಲ್ಲ. ಹೋಸ್ಟ್ ತನ್ನದನ್ನ ಕಾಪಾಡ್ಕೊಂಡ್ರೆ ಸಾಕು. ಟಿಡಿಎಕ್ಸ್‌ನಲ್ಲಿ ಯಾವ ಕಾಂಪೊನೆಂಟ್‌ಗಳು ಅಂತ ಎಕ್ಸ್‌ಎಫ್‌ಎಎಂನಲ್ಲಿ ಗೆಸ್ಟ್ ಸೃಷ್ಟಿ ಆಗುವಾಗಲೇ ಹೇಳಿಬಿಡ್ಬೇಕು.

ಎಲ್ಲಾ ಬರೆದಾಯ್ತು, ಸರಿಯಿದೆ ಅಂತ ಟೆಸ್ಟ್ ಹೇಗೆ ಮಾಡೋದು?

ಎರಡು ಗೆಸ್ಟ್‌ನ ವಿಸಿಪಿಯುಗಳನ್ನ ಒಂದೇ ಕೋರ್‌ಗೆ ಪಿನ್ ಮಾಡಿ. ಒಂದೊಂದ್ರಲ್ಲೂ ಎಲ್ಲಾ ರಿಜಿಸ್ಟರ್‌ಗೆ ಗೆಸ್ಟ್ ನಂಬರ್, ರಿಜಿಸ್ಟರ್ ನಂಬರ್, ಸುತ್ತಿನ ನಂಬರ್ ಬೆರೆಸಿದ ಪ್ಯಾಟರ್ನ್ ತುಂಬಿ, ಸ್ವಲ್ಪ ಸುಮ್ನೆ ಸುತ್ತಿ ವಾಪಸ್ ಓದಿ ಹೋಲಿಸೋ ಲೂಪ್ ಹಾಕಿ. ಹಾಗೆ ಮಾಡಿದ್ರೆ ತಪ್ಪಾದಾಗ ಸಿಕ್ಕ ಮೌಲ್ಯಾನೇ ಅದು ಯಾರದು ಅಂತ ಹೇಳುತ್ತೆ. ಅದೇ ಕೋರ್ ಮೇಲೆ ಹೋಸ್ಟ್ ಕಡೆಯಿಂದ ಎವಿಎಕ್ಸ್ ಬಳಸೋ ಥ್ರೆಡ್ ಒಂದು ಬಿಡಿ, ನೆಟ್‌ವರ್ಕ್‌ನಲ್ಲಿ ಐಪಿಸೆಕ್ ಟ್ರಾಫಿಕ್ ಓಡಿಸಿ, ಮಧ್ಯೆ ಮಧ್ಯೆ ಸಿಪಿಯುಐಡಿ ಎಕ್ಸಿಟ್ ಮತ್ತೆ ಯೂಸರ್‌ಸ್ಪೇಸ್‌ವರೆಗೂ ಹೋಗೋ ಐಒ ಎಕ್ಸಿಟ್ ಎರಡೂ ಮಾಡ್ಸಿ, ಎರಡರ ದಾರಿ ಬೇರೆ ಬೇರೆ. ಒಂದು ಗೆಸ್ಟ್‌ನಲ್ಲಿ ಎಕ್ಸ್‌ಸಿಆರ್0ದ ಎವಿಎಕ್ಸ್ ಬಿಟ್ ಆಗಾಗ ಆಫ್ ಆನ್ ಮಾಡಿ, ಎಂಎಕ್ಸ್‌ಸಿಎಸ್‌ಆರ್ ಎರಡ್ರಲ್ಲೂ ಬೇರೆ ಇಡಿ. ಲಿನಕ್ಸ್ ಸೋರ್ಸ್‌ನಲ್ಲಿರೋ ಕೆವಿಎಂ ಸೆಲ್ಫ್‌ಟೆಸ್ಟ್‌ಗಳಲ್ಲಿ ಎಎಂಎಕ್ಸ್‌ಗೆ ಅಂತಾನೇ ಒಂದಿದೆ, ಅದನ್ನ ಓದಿದ್ರೆ ಟೆಸ್ಟ್ ಹೇಗೆ ಕಟ್ಟೋದು ಅಂತ ಅಂದಾಜು ಸಿಗುತ್ತೆ. ರಾತ್ರಿಯಿಡೀ ಓಡ್ಲಿ, ಹತ್ತು ನಿಮಿಷಕ್ಕೆ ಪಾಸ್ ಆಯ್ತು ಅಂತ ನಿಲ್ಲಿಸ್ಬೇಡಿ, ಇದ್ರಲ್ಲಿ ಬರೋ ಬಗ್‌ಗಳು ಇಂಟರಪ್ಟ್ ಸರಿಯಾಗಿ ಆ ಎರಡು ಇನ್ಸ್ಟ್ರಕ್ಷನ್ ನಡುವೆ ಬಿದ್ದಾಗ ಮಾತ್ರ ಕಾಣ್ತವೆ.